ಘಟ್ಟ ಇಳಿದ ಹತ್ತಿ, ಘಟ್ಟ ಏರಿದ ಉಪ್ಪು

ಹಳೆಯ ಧಾರವಾಡ ಜಿಲ್ಲೆಯ ಎರೆ ಹೊಲಗಳಲ್ಲಿ ಬೆಳೆದ ದೇಶಿ ಹತ್ತಿಗೆ ಮುಂಬಯಿ ಮತ್ತು ಲಿವರ್‌ಪೂಲಿನ ಪೇಟೆಗಳಲ್ಲಿ ಏನೆಂದು ಹೆಸರಿತ್ತು ಗೊತ್ತೆ? ಧಾರವಾಡ ಹತ್ತಿ ಎಂದಲ್ಲ, ಹುಬ್ಬಳ್ಳಿ ಹತ್ತಿ ಎಂದೂ ಅಲ್ಲ. ‘ಕುಮಟಾ ಹತ್ತಿ’ ಎಂದು. ಕುಮಟೆಯಲ್ಲಿ ಹತ್ತಿಯ ಹೊಲವಿಲ್ಲ. ತೆಂಗು, ಅಡಿಕೆ, ಗದ್ದೆ, ಮೀನು, ಉಪ್ಪು ಅಲ್ಲಿಯ ಬದುಕು. ಆದರೂ ಹತ್ತಿಗೆ ಆ ಊರಿನ ಹೆಸರು ಅಂಟಿತು. ಕಾರಣ ಇಷ್ಟೇ: ಬಯಲುಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಬೆಳೆದವನ ಹೆಸರು ಹೊಲದಲ್ಲೇ ಉಳಿಯಿತು, ಹಡಗಿಗೆ ಏರಿಸಿದ ಊರಿನ ಹೆಸರು ಸಮುದ್ರ ದಾಟಿತು.

ಹೊಲಕ್ಕೂ ಹಡಗಿಗೂ ನಡುವೆ ಇದ್ದದ್ದು ಒಂದು ಮಣ್ಣಿನ ದಾರಿ. ಅದರ ಅತ್ಯಂತ ಕಠಿಣವಾದ ತುಂಡು ಶಿರಸಿ ಮತ್ತು ಕುಮಟೆಯ ನಡುವಿನ ದೇವಿಮನೆ ಘಟ್ಟ. ಡಾಂಬರಿಲ್ಲದ ಗುಡ್ಡದ ದಾರಿಯಲ್ಲಿ ಗಾಡಿ ಹೊಡೆಯುವುದು ಎಂದರೇನು, ಆ ದಾರಿ ಹೇಗೆ ಹುಟ್ಟಿತು, ಅದು ನಿಂತಿರುವುದು ಯಾವುದರ ಮೇಲೆ ಎಂಬುದನ್ನು ತಿಳಿಯಲು ಆಲ್ಪ್ಸ್ ಪರ್ವತದವರೆಗೆ ಹೋಗಬೇಕಾಗಿಲ್ಲ. ಆದರೆ ಹೋಗಿ ನೋಡಿ ಬಂದರೆ ನಮ್ಮ ಘಟ್ಟ ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತದೆ.

ಎರಡು ಸೀಮೆಯ ನಡುವಿನ ಊರು

ಹಾನಗಲ್ಲ ತಾಲೂಕಿನ ಆಡೂರು ಹಳೆಯ ಊರು. ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಹೆಸರು ಹೊತ್ತ ಶಾಸನ ದೊರೆತದ್ದರಿಂದ ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೊಂದು ಸ್ಥಾನವಿದೆ. ಊರು ನಿಂತಿರುವ ಜಾಗವೂ ಗಮನಿಸುವಂಥದ್ದು. ಇಲ್ಲಿಂದ ಪೂರ್ವಕ್ಕೆ ಹೋದರೆ ಸವಣೂರು, ಹಾವೇರಿ ಕಡೆಯ ಬಯಲು. ಪಶ್ಚಿಮಕ್ಕೆ ಹತ್ತು ಮೈಲು ಹೋದರೆ ಹಾನಗಲ್ಲ. ಅದು ಒಂದು ಕಾಲಕ್ಕೆ ಪಾನುಂಗಲ್ಲಾಗಿ ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿತ್ತು. ಹಾನಗಲ್ಲ ದಾಟಿದರೆ ಕೆರೆಗಳ, ಭತ್ತದ ಸೀಮೆ. ಅದರ ಬೆನ್ನಿಗೇ ಮಲೆನಾಡಿನ ಕಾಡು. ಮುಂದೆ ಶಿರಸಿ, ಅಲ್ಲಿಂದ ನೆಲ ಒಮ್ಮೆಲೇ ಸಮುದ್ರದ ಕಡೆಗೆ ಕುಸಿಯುತ್ತದೆ.

ಈ ಕುಸಿತವೇ ಘಟ್ಟ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟೆ ಕಡಲ ದಂಡೆಯಲ್ಲೇ ಇದೆ. ಇವೆರಡರ ನಡುವಿನ ದೂರ 60 ಕಿ.ಮೀ.ನ ಆಸುಪಾಸು. ಸಮನಾಗಿ ಇಳಿದಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ. ಆದರೆ ಘಟ್ಟ ಹಾಗೆ ಇಳಿಯುವುದಿಲ್ಲ. ಬಹುದೂರ ಏರಿಳಿತದ ನೆಲದ ಮೇಲೆ ಸಾಗಿ, ಅಂಚಿಗೆ ಬಂದೊಡನೆ ಕೆಲವೇ ಕಿಲೋಮೀಟರಿನಲ್ಲಿ ಎತ್ತರದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಕೆಳಗೆ ಕತಗಾಲ ಮುಟ್ಟಿದ ಮೇಲೆ ಮತ್ತೆ ಬಹುಮಟ್ಟಿಗೆ ಸಮತಟ್ಟು. ಇಡೀ ಪ್ರಯಾಣದ ಕಷ್ಟವೆಲ್ಲ ಆ ಅಂಚಿನಲ್ಲಿ ಒಟ್ಟುಗೂಡಿದೆ.

ಇಂಥ ಘಟ್ಟಗಳು ಉತ್ತರ ಕನ್ನಡದಲ್ಲಿ ಒಂದೆರಡಲ್ಲ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು, ಸಿದ್ದಾಪುರದಿಂದ ಕುಮಟೆಗೆ ದೊಡ್ಮನೆ, ದಾಂಡೇಲಿ ಕಡೆಯಿಂದ ಕಾರವಾರಕ್ಕೆ ಅಣಶಿ, ಜೋಗದ ಕಡೆಯಿಂದ ಹೊನ್ನಾವರಕ್ಕೆ ಗೇರುಸೊಪ್ಪೆ. ಒಂದೊಂದು ಘಟ್ಟವೂ ಒಂದೊಂದು ಬಂದರಿಗೆ ಬಾಗಿಲು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ನದಿಯಲ್ಲಿ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದ. 1801ರಲ್ಲಿ ಫ್ರಾನ್ಸಿಸ್ ಬುಕನನ್ ಕರಾವಳಿಯಿಂದ ಘಟ್ಟ ಹತ್ತಿ ಸೋಂದೆ, ಶಿರಸಿ, ಬನವಾಸಿಗಳ ಮೂಲಕ ಸಾಗಿದ. ಇವರ ಕಾಲಕ್ಕೆ ದಾರಿ ಎಂದರೆ ಕಾಲುದಾರಿ. ಮನುಷ್ಯ, ಮೇನೆ, ಹೊರೆ ಎತ್ತು ಸಾಗಬಲ್ಲಷ್ಟು ಅಗಲ.

ಹೊರೆ ಎತ್ತಿನಿಂದ ಗಾಡಿಗೆ

ಗಾಡಿ ಹೋಗದ ಘಟ್ಟದಲ್ಲಿ ವ್ಯಾಪಾರ ನಡೆಸಿದವರು ಮುಖ್ಯವಾಗಿ ಲಂಬಾಣಿಗರು. ನೂರಾರು ಎತ್ತುಗಳ ಹಿಂಡಿನ ಬೆನ್ನ ಮೇಲೆ ಧಾನ್ಯ ಹೇರಿ ಕೆಳಗಿಳಿಸುವುದು, ಬರುವಾಗ ಉಪ್ಪು ಹೇರಿ ಮೇಲೆ ತರುವುದು ಅವರ ಕಸುಬು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಇಂದಿಗೂ ಉಪ್ಪಿನ ಆಗರಗಳಿವೆ. ಬಯಲುಸೀಮೆಯಲ್ಲಿ ಸಮುದ್ರವಿಲ್ಲ, ಉಪ್ಪಿಲ್ಲದೆ ಊಟವಿಲ್ಲ. ಹೀಗಾಗಿ ಘಟ್ಟದ ದಾರಿ ಹತ್ತಿಗಿಂತ ಎಷ್ಟೋ ಮೊದಲೇ ಉಪ್ಪಿನ ದಾರಿಯಾಗಿತ್ತು.

ಹೊರೆ ಎತ್ತಿಗೊಂದು ಮಿತಿಯಿದೆ. ಒಂದು ಎತ್ತು ಬೆನ್ನ ಮೇಲೆ ಒಂದು ಕ್ವಿಂಟಲಿನಷ್ಟು ಹೊರಬಲ್ಲದು. ಜೋಡಿಗೆ ಎರಡು ಕ್ವಿಂಟಲ್. ಅದೇ ಜೋಡಿಯನ್ನು ಗಾಡಿಗೆ ಹೂಡಿದರೆ ಒಳ್ಳೆಯ ರಸ್ತೆಯಲ್ಲಿ ಅದರ ಮೂರು ನಾಲ್ಕು ಪಟ್ಟು ಎಳೆಯುತ್ತದೆ. ಅಂದರೆ ದಾರಿಯನ್ನು ಅಗಲಿಸಿ ಗಾಡಿ ಓಡುವಂತೆ ಮಾಡಿದರೆ ಸಾಗಣೆಯ ಖರ್ಚು ಬಹಳಷ್ಟು ಇಳಿಯುತ್ತದೆ. ಹತ್ತಿಯಂಥ ಹಗುರವಾದ, ಜಾಗ ತಿನ್ನುವ ಸರಕಿಗೆ ಇದು ಇನ್ನೂ ದೊಡ್ಡ ಅನುಕೂಲ. ಹತ್ತಿಯ ಅಂಡಿಗೆಯನ್ನು ಎತ್ತಿನ ಬೆನ್ನಿಗೆ ಕಟ್ಟಿದರೆ ಅದು ಗಿಡಗಂಟಿಗೆ ತಾಗುತ್ತದೆ, ಧೂಳು ಹಿಡಿಯುತ್ತದೆ, ಮಳೆ ಬಂದರೆ ತೋಯುತ್ತದೆ.

ಈ ಲೆಕ್ಕವನ್ನು ಇಲ್ಲಿಯ ರೈತ ಹಾಕುವ ಮೊದಲು ಇಂಗ್ಲೆಂಡಿನ ಗಿರಣಿ ಮಾಲೀಕರು ಹಾಕಿದರು. ಅವರ ಗಿರಣಿಗಳಿಗೆ ಹತ್ತಿ ಬರುತ್ತಿದ್ದುದು ಹೆಚ್ಚಾಗಿ ಅಮೆರಿಕದಿಂದ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಲ್ಯಾಂಕಾಶೈರಿನಲ್ಲಿ ಗಿರಣಿಗಳು ನಿಂತವು, ಕಾರ್ಮಿಕರು ಉಪವಾಸ ಬಿದ್ದರು. ಎಲ್ಲರ ಕಣ್ಣು ಹಿಂದುಸ್ಥಾನದ ಹತ್ತಿಯ ಮೇಲೆ ಬಿತ್ತು. ಧಾರವಾಡ ಸೀಮೆಯಲ್ಲಿ ಆಗ ಎರಡು ಬಗೆಯ ಹತ್ತಿ ಇತ್ತು. ಒಂದು ತಲೆತಲಾಂತರದ ದೇಶಿ ಹತ್ತಿ, ಅದೇ ‘ಕುಮಟಾ’. ಇನ್ನೊಂದು 1840ರ ದಶಕದಿಂದ ಇಲ್ಲಿ ನೆಲೆಗೊಳಿಸಿದ್ದ ನ್ಯೂ ಆರ್ಲಿಯನ್ಸ್ ತಳಿ, ಅದಕ್ಕೆ ‘ಧಾರವಾಡ ಅಮೆರಿಕನ್’ ಎಂದು ಹೆಸರು.

ಹತ್ತಿ ಇತ್ತು, ಕೊಳ್ಳುವವರಿದ್ದರು, ಇಲ್ಲದ್ದು ದಾರಿ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾಳಿ ನದಿಯ ಅಳಿವೆಯಲ್ಲಿರುವ ಸದಾಶಿವಗಡಕ್ಕೆ ಯಂತ್ರಗಳನ್ನು ಕಳಿಸಿತು. ಆದರೆ ಅಲ್ಲಿಂದ ಘಟ್ಟದ ಮೇಲಕ್ಕೆ ರಸ್ತೆ ಸಿದ್ಧವಾಗಿರಲಿಲ್ಲ. ಉತ್ತರ ಕನ್ನಡ ಆಗ ಮದ್ರಾಸ್ ಪ್ರಾಂತದಲ್ಲಿತ್ತು, ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಘಟ್ಟದ ಮೇಲೊಂದು ಸರಕಾರ, ಕೆಳಗೊಂದು ಸರಕಾರ. ರಸ್ತೆ ಎರಡರ ನಡುವೆ ಸಿಕ್ಕಿಕೊಂಡಿತ್ತು. ಮುಂಬಯಿಯ ವರ್ತಕರು ಮತ್ತು ಮ್ಯಾಂಚೆಸ್ಟರಿನವರ ಒತ್ತಾಯ ಬೆಳೆಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ಜಿಲ್ಲೆಯೊಂದು ಪ್ರಾಂತ ಬದಲಿಸಿದ್ದರ ಹಿಂದೆ ಒಂದು ಘಟ್ಟದ ರಸ್ತೆಯ ಮಾತಿತ್ತು ಎಂಬುದನ್ನು ನಾವು ಮರೆತಿದ್ದೇವೆ.

ಇಪ್ಪತ್ತಕ್ಕೆ ಒಂದು

ಘಟ್ಟದಲ್ಲಿ ಗಾಡಿ ರಸ್ತೆ ಮಾಡುವುದೆಂದರೆ ಕಾಲುದಾರಿಯನ್ನು ಅಗಲ ಮಾಡುವುದಷ್ಟೇ ಅಲ್ಲ. ಕಾಲುದಾರಿ ನೇರವಾಗಿ ಗುಡ್ಡ ಹತ್ತುತ್ತದೆ. ಗಾಡಿಗೆ ಅದು ಆಗದು. ಇಲ್ಲಿ ಎಂಜಿನಿಯರನಿಗೆ ಮುಖ್ಯವಾದದ್ದು ಇಳಿಜಾರಿನ ಪ್ರಮಾಣ. ಇಪ್ಪತ್ತು ಮೀಟರ್ ಮುಂದೆ ಹೋದಾಗ ಒಂದು ಮೀಟರ್ ಏರಿದರೆ ಅದು ‘ಇಪ್ಪತ್ತಕ್ಕೆ ಒಂದು’.

ಯಾಕೆ ಇಪ್ಪತ್ತು? ಲೆಕ್ಕ ಎತ್ತಿನ ಮೈಯಲ್ಲಿದೆ. ಎತ್ತು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಬಲವನ್ನು ದಿನವಿಡೀ ಹಾಕಬಲ್ಲದು ಎಂಬುದು ಸಾಮಾನ್ಯ ಅಂದಾಜು. 400 ಕಿಲೋ ತೂಗುವ ಎತ್ತು 40 ಕಿಲೋ ಬಲದಿಂದ ಎಳೆದರೆ ಜೋಡಿಯ ಬಲ 80 ಕಿಲೋ. ಈಗ ಗಾಡಿ, ಸರಕು ಸೇರಿ ಒಂದು ಟನ್ ಇದೆ ಎನ್ನಿ. ಇಪ್ಪತ್ತಕ್ಕೆ ಒಂದರ ಏರಿನಲ್ಲಿ ಗಾಡಿ ಹಿಂದಕ್ಕೆ ಜಗ್ಗುವ ಬಲ ಅದರ ತೂಕದ ಇಪ್ಪತ್ತನೇ ಒಂದು ಭಾಗ, ಅಂದರೆ 50 ಕಿಲೋ. ಉಳಿದ 30 ಕಿಲೋ ಬಲ ಮಣ್ಣಿನ ದಾರಿಯ ತಡೆಯನ್ನು ಗೆಲ್ಲಲು ಬೇಕಾಗುತ್ತದೆ. ಲೆಕ್ಕ ಹೇಗೋ ಸರಿಹೋಯಿತು. ಅದೇ ದಾರಿ ಹತ್ತಕ್ಕೆ ಒಂದರಂತೆ ಏರಿದರೆ ಜಗ್ಗುವ ಬಲವೇ 100 ಕಿಲೋ ಆಗುತ್ತದೆ. ಜೋಡೆತ್ತು ಅಲ್ಲಿ ಸೋತು ನಿಲ್ಲುತ್ತದೆ. ಮುಂದೆ ಇನ್ನೊಂದು ಜೋಡಿ ಕಟ್ಟಬೇಕು, ಇಲ್ಲವೇ ಅರ್ಧ ಸರಕು ಇಳಿಸಬೇಕು.

ಆದ್ದರಿಂದ 400 ಮೀಟರ್ ಎತ್ತರವನ್ನು ಇಪ್ಪತ್ತಕ್ಕೆ ಒಂದರಂತೆ ಹತ್ತಲು 8 ಕಿ.ಮೀ. ಉದ್ದದ ದಾರಿ ಬೇಕು. ಗುಡ್ಡದ ಮೈಯಲ್ಲಿ ಅಷ್ಟು ನೇರ ಜಾಗ ಎಲ್ಲಿದೆ? ಇಲ್ಲದ ಜಾಗವನ್ನು ಹುಟ್ಟಿಸುವ ಉಪಾಯವೇ ಸುತ್ತುಬಳಸಿನ ತಿರುವು. ಬಲಕ್ಕೆ ಹೋದ ದಾರಿ ಹಿಂದಿರುಗಿ ಎಡಕ್ಕೆ, ಮತ್ತೆ ಬಲಕ್ಕೆ. ತಲೆಪಿನ್ನಿನಂತೆ ಮಡಚಿದ ಈ ತಿರುವಿನಲ್ಲಿ ಒಳಸುತ್ತಿನ ದಾರಿ ಚಿಕ್ಕದು, ಏರಿದ ಎತ್ತರ ಅಷ್ಟೇ. ಹಾಗಾಗಿ ಒಳಬದಿ ಯಾವಾಗಲೂ ಹೆಚ್ಚು ಕಡಿದು. ಒಳ್ಳೆಯ ಎಂಜಿನಿಯರ್ ತಿರುವಿನ ಜಾಗದಲ್ಲಿ ರಸ್ತೆಯನ್ನು ಹೆಚ್ಚುಕಡಿಮೆ ಸಮತಟ್ಟು ಮಾಡುತ್ತಾನೆ, ಅಗಲವನ್ನೂ ಕೊಡುತ್ತಾನೆ. ಗಾಡಿ ತಿರುಗುವಾಗ ಒಳಗಿನ ಎತ್ತು ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಹೊರಗಿನದು ಇಡೀ ಭಾರ ಎಳೆಯುತ್ತದೆ. ಗಾಡಿಕಾರ ಹೊರಬದಿಗೆ ಬಲಿಷ್ಠ ಎತ್ತು ಬರಲಿ ಎಂದು ಬಯಸಿದರೂ ಮುಂದಿನ ತಿರುವಿನಲ್ಲಿ ಅದೇ ಎತ್ತು ಒಳಬದಿಗೆ ಬರುತ್ತದೆ. ಘಟ್ಟಕ್ಕೆ ಸರಿಜೋಡಿ ಎತ್ತೇ ಬೇಕು.

ಇಂಥ ರಸ್ತೆ ಕಡಿದವರು ಯಾರು? ಮಣ್ಣು-ಕಲ್ಲಿನ ಕೆಲಸಕ್ಕೆ ಹೆಸರಾದ ವಡ್ಡರಂಥ ಸಮುದಾಯಗಳ ಗಂಡಸರು, ಹೆಂಗಸರು. ಕಾಡಿನ ಚಳಿಜ್ವರ ಅವರ ದೊಡ್ಡ ಶತ್ರು. ಅವರ ಹೆಸರು ಯಾವ ಮೈಲಿಗಲ್ಲಿನ ಮೇಲೂ ಇಲ್ಲ.

ಇಳಿಯುವವನ ಸಂಕಟ

ಏರುವುದು ಕಷ್ಟ, ಇಳಿಯುವುದು ಅಪಾಯ. ಇದು ಎತ್ತಿನ ಗಾಡಿಗೂ ಸತ್ಯ, ಇಂದಿನ ಲಾರಿಗೂ ಸತ್ಯ. ಏರುವಾಗ ಸೋತರೆ ಗಾಡಿ ನಿಲ್ಲುತ್ತದೆ, ಹಿಂಬದಿಯಲ್ಲಿ ನಡೆಯುವವನು ಗಾಲಿಗೆ ಕಲ್ಲು ಒಡ್ಡುತ್ತಾನೆ. ಇಳಿಯುವಾಗ ಸೋತರೆ ಗಾಡಿ ಎತ್ತನ್ನೇ ತಳ್ಳಿಕೊಂಡು ಹೋಗುತ್ತದೆ. ನೊಗ ಎತ್ತಿನ ಕುತ್ತಿಗೆಯಿಂದ ಮುಂದಕ್ಕೆ ಸರಿಯುತ್ತದೆ. ಅದಕ್ಕಾಗಿ ಗಾಲಿಯ ಹಿಂದೆ ಅಡ್ಡ ಮರ ಕಟ್ಟಿ, ಹಗ್ಗದಿಂದ ಬಿಗಿದು ಗಾಲಿಗೆ ಒತ್ತುವ ಪದ್ಧತಿ ಬಂತು. ಮರ ತಿಕ್ಕಿ ಬಿಸಿಯಾಗುತ್ತದೆ, ಕೆಲವೊಮ್ಮೆ ಹೊಗೆಯಾಡುತ್ತದೆ.

ಆ ಬಿಸಿ ಎಲ್ಲಿಂದ ಬಂತು? ಎತ್ತರದಿಂದ. ಹತ್ತು ಟನ್ ತೂಕದ ಒಂದು ಲಾರಿ 400 ಮೀಟರ್ ಕೆಳಗಿಳಿಯಿತೆನ್ನಿ. ಅಷ್ಟು ಎತ್ತರದಲ್ಲಿ ಅದು ಕೂಡಿಟ್ಟುಕೊಂಡಿದ್ದ ಶಕ್ತಿ ಸುಮಾರು 3 ಕೋಟಿ 90 ಲಕ್ಷ ಜೌಲ್. ವೇಗ ಹೆಚ್ಚದಂತೆ ಇಳಿಯಬೇಕಾದರೆ ಈ ಶಕ್ತಿಯೆಲ್ಲ ಎಲ್ಲಾದರೂ ಬಿಸಿಯಾಗಿ ಹೋಗಬೇಕು. ಅಷ್ಟು ಬಿಸಿಯಿಂದ 130 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮದುವೆ ಮನೆಯ ಒಂದು ದೊಡ್ಡ ಹಂಡೆ ಎಂದುಕೊಳ್ಳಿ. ಚಾಲಕ ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಹಂಡೆಯ ಕಾವೆಲ್ಲ ನಾಲ್ಕಾರು ಬ್ರೇಕ್ ಡ್ರಮ್ಮುಗಳಿಗೆ ಬೀಳುತ್ತದೆ. ಕಾದ ಬ್ರೇಕ್ ಹಿಡಿತ ಬಿಡುತ್ತದೆ. ಪತ್ರಿಕೆಗಳಲ್ಲಿ ‘ಬ್ರೇಕ್ ವಿಫಲಗೊಂಡು ಲಾರಿ ಪ್ರಪಾತಕ್ಕೆ’ ಎಂದು ನಾವು ಬರೆಯುವ ಸುದ್ದಿಗಳಲ್ಲಿ ಹಲವಕ್ಕೆ ಕಾರಣ ಮುರಿದ ಬ್ರೇಕ್ ಅಲ್ಲ, ಕಾದ ಬ್ರೇಕ್.

ಅನುಭವಿ ಚಾಲಕರು ಇದಕ್ಕೆ ಹೇಳುವ ಸೂತ್ರ ಒಂದೇ: ಯಾವ ಗೇರಿನಲ್ಲಿ ಘಟ್ಟ ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕ್ ಆಗಾಗ ಒತ್ತಿ ಬಿಡಲು ಮಾತ್ರ. ಇನ್ನೊಂದು ನಿಯಮ, ಇಕ್ಕಟ್ಟಿನಲ್ಲಿ ಎದುರುಬದುರಾದರೆ ಮೇಲೇರುವ ಗಾಡಿಗೆ ದಾರಿ ಬಿಡಬೇಕು. ಭಾರತದ ರಸ್ತೆ ನಿಯಮದಲ್ಲೂ ಇದು ಇದೆ. ಇದು ಬರೀ ಸೌಜನ್ಯವಲ್ಲ. ಏರಿನಲ್ಲಿ ನಿಂತ ಭಾರದ ಗಾಡಿಯನ್ನು ಮತ್ತೆ ಹೊರಡಿಸುವುದು ಕಷ್ಟ, ಅದು ಹಿಂದಕ್ಕೆ ಜಾರುವ ಭಯವೂ ಉಂಟು.

ಡಾಂಬರಿಲ್ಲದ ದಾರಿಯಲ್ಲಿ ಇನ್ನಷ್ಟು ಎಚ್ಚರ ಬೇಕು. ಗರಸಿನ ಮೇಲೆ ಟೈರಿಗೆ ಹಿಡಿತ ಕಡಿಮೆ. ತಿರುವಿನ ಒಳಗೆ ಬ್ರೇಕ್ ಒತ್ತಿದರೆ ಗಾಲಿ ನಿಲ್ಲುತ್ತದೆ, ಗಾಡಿ ಜಾರುತ್ತದೆ. ಆದ್ದರಿಂದ ವೇಗವನ್ನು ತಿರುವಿನ ಮೊದಲೇ ಇಳಿಸಬೇಕು. ಕಣಿವೆಯ ಕಡೆಯ ಅಂಚು ಸಾಮಾನ್ಯವಾಗಿ ಕಡಿದ ಮಣ್ಣನ್ನು ಸುರಿದು ಮಾಡಿದ್ದು, ಗುಡ್ಡದ ಕಡೆಯದು ಗಟ್ಟಿ ನೆಲ. ಭಾರದ ಗಾಡಿ ಹೊರ ಅಂಚಿಗೆ ಹೋಗಬಾರದು.

ಮಣ್ಣು ರಸ್ತೆಯಲ್ಲಿ ಮೋಟಾರು ಓಡಿಸಿದವರಿಗೆಲ್ಲ ತಗಡಿನ ಮಡಿಕೆಯಂಥ ಏರಿಳಿತದ ಪರಿಚಯವಿದೆ. ಮೈಯ ಎಲುಬೆಲ್ಲ ಅಲುಗಾಡಿಸುವ ಈ ಮಡಿಕೆ ಹುಟ್ಟುವುದು ಗಾಲಿಗಳ ವೇಗದಿಂದ. ಒಂದು ಮಿತಿ ಮೀರಿದ ವೇಗದಲ್ಲಿ ಗಾಲಿ ಸಣ್ಣ ಉಬ್ಬಿನ ಮೇಲೆ ಪುಟಿದು ಮುಂದೆ ಬಿದ್ದು ತಗ್ಗು ಮಾಡುತ್ತದೆ, ತಗ್ಗು ಮುಂದಿನ ಉಬ್ಬನ್ನು ಹುಟ್ಟಿಸುತ್ತದೆ. ಆ ಮಿತಿಯ ಕೆಳಗೆ ಮಡಿಕೆ ಹುಟ್ಟುವುದೇ ಇಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಈ ಕಾಟವಿರಲಿಲ್ಲ. ಅವುಗಳ ಕಬ್ಬಿಣದ ಪಟ್ಟಿ ಮಾಡುತ್ತಿದ್ದುದು ಬೇರೆ ಹಾನಿ, ಉದ್ದಕ್ಕೆ ಕೊರೆದ ಗಾಲಿಯ ಜಾಡು. ಮಳೆ ನೀರು ಆ ಜಾಡನ್ನೇ ಕಾಲುವೆ ಮಾಡಿಕೊಂಡು ರಸ್ತೆಯನ್ನು ಸೀಳುತ್ತಿತ್ತು.

ಆಲ್ಪ್ಸಿನಲ್ಲೂ ಉಪ್ಪಿನ ದಾರಿ

ಆಲ್ಪ್ಸ್ ಎಂದರೆ ನಮಗೆ ಹಿಂದಿ ಸಿನಿಮಾದ ಹಾಡು ನೆನಪಾಗುತ್ತದೆ. ಆದರೆ ಆ ಪರ್ವತ ಯುರೋಪಿಗೆ ಬಹುಕಾಲ ಅಡ್ಡಗೋಡೆಯಾಗಿತ್ತು. ನೆಪೋಲಿಯನ್ ತನ್ನ ಫಿರಂಗಿ ದಾಟಿಸಲು ಸಿಂಪ್ಲಾನ್ ಕಣಿವೆಯಲ್ಲಿ ಮಾಡಿಸಿದ ರಸ್ತೆ 1805ರಲ್ಲಿ ಮುಗಿಯಿತು. ಆಸ್ಟ್ರಿಯದ ಸಾಮ್ರಾಜ್ಯ 1820ರಿಂದ 1825ರವರೆಗೆ ಸ್ಟೆಲ್ವಿಯೊ ರಸ್ತೆ ಮಾಡಿಸಿತು. ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ ರೂಪಿಸಿದ ಈ ದಾರಿ 2757 ಮೀಟರ್ ಎತ್ತರಕ್ಕೆ ಏರುತ್ತದೆ. ಅದರ ಒಂದು ಪಕ್ಕದಲ್ಲೇ 48 ತಲೆಪಿನ್ನಿನ ತಿರುವುಗಳಿವೆ, ಪ್ರತಿಯೊಂದಕ್ಕೂ ಸಂಖ್ಯೆಯ ಕಲ್ಲಿದೆ. ನಮ್ಮ ಆಗುಂಬೆ ಘಟ್ಟದ 14 ತಿರುವುಗಳನ್ನು ಎಣಿಸುತ್ತ ಇಳಿಯುವವರಿಗೆ ಈ ಎಣಿಕೆಯ ಖುಷಿ ಗೊತ್ತು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2000 ಮೀಟರ್ ಮುಟ್ಟುವುದಿಲ್ಲ ಎಂಬುದನ್ನು ನೆನೆದರೆ ಅಲ್ಲಿಯ ಎತ್ತರ ಅಂದಾಜಾಗುತ್ತದೆ.

ಸ್ಟೆಲ್ವಿಯೊಗೆ ಈಗ ಡಾಂಬರಿದೆ. ಆದರೆ ಆಲ್ಪ್ಸಿನಲ್ಲಿ ಇಂದಿಗೂ ಕೆಲವು ದಾರಿಗಳನ್ನು ಮಣ್ಣು-ಗರಸಿನವಾಗಿಯೇ ಉಳಿಸಿಕೊಂಡಿದ್ದಾರೆ. ಇಟಲಿಯ ಸೂಸಾ ಊರಿನಿಂದ ಹತ್ತುವ ಕೊಲ್ಲೆ ದೆಲ್ಲೆ ಫಿನೆಸ್ತ್ರೆ 2178 ಮೀಟರ್ ಎತ್ತರದ್ದು. ಅದರ ಕೊನೆಯ ಸುಮಾರು 8 ಕಿ.ಮೀ. ಈಗಲೂ ಗರಸಿನ ದಾರಿ. ಮೂಲದಲ್ಲಿ ಸೈನ್ಯದ ದಾರಿಯಾದ ಇದರ ಮೇಲೆ 2005ರಲ್ಲಿ ಮೊದಲ ಬಾರಿಗೆ ಇಟಲಿಯ ಪ್ರಸಿದ್ಧ ಸೈಕಲ್ ಸ್ಪರ್ಧೆ ಹಾದುಹೋಯಿತು. ಗೋಥಾರ್ಡ್ ಕಣಿವೆಯ ಹಳೆಯ ತ್ರೆಮೋಲಾ ದಾರಿ 24 ತಿರುವುಗಳ ಕಲ್ಲುಹಾಸಿನ ರಸ್ತೆ. ಪಕ್ಕದಲ್ಲೇ ಹೊಸ ರಸ್ತೆ, ಸುರಂಗ ಎಲ್ಲ ಬಂದಿದ್ದರೂ ಆ ಕಲ್ಲುಹಾಸನ್ನು ಕಿತ್ತಿಲ್ಲ.

ನಮಗೆ ಹೆಚ್ಚು ಹತ್ತಿರವಾದದ್ದು ಇಟಲಿ-ಫ್ರಾನ್ಸ್ ಗಡಿಯಲ್ಲಿ ಲಿಮೋನೆ ಮತ್ತು ಮೊನೇಸಿ ಊರುಗಳ ನಡುವಿನ ‘ವಿಯಾ ದೆಲ್ ಸಾಲೆ’. ಹೆಸರಿನ ಅರ್ಥವೇ ಉಪ್ಪಿನ ದಾರಿ. ಲಿಗೂರಿಯಾ ಕರಾವಳಿಯ ಉಪ್ಪು ಹೇಸರಗತ್ತೆಗಳ ಬೆನ್ನ ಮೇಲೆ ಈ ಬೆಟ್ಟ ದಾಟಿ ಒಳನಾಡಿಗೆ ಹೋಗುತ್ತಿತ್ತು. ಸಾಣಿಕಟ್ಟೆಯ ಉಪ್ಪು ಹಾನಗಲ್ಲ ಸೀಮೆಗೆ ಬಂದಂತೆಯೇ. ಈಗ ಅಲ್ಲಿ ಬೇಸಿಗೆಯಲ್ಲಿ ಮಾತ್ರ ವಾಹನಗಳಿಗೆ ಪ್ರವೇಶ. ಅದಕ್ಕೆ ಶುಲ್ಕ ಕೊಡಬೇಕು, ದಿನಕ್ಕೆ ಇಂತಿಷ್ಟೇ ವಾಹನ ಎಂಬ ಮಿತಿಯಿದೆ, ವಾರದ ಕೆಲವು ದಿನ ಮೋಟಾರು ಬಿಡುವುದಿಲ್ಲ, ನಡೆಯುವವರಿಗೆ, ಸೈಕಲ್ಲಿನವರಿಗೆ ಮೀಸಲು. ವಸೂಲಾದ ಹಣ ದಾರಿಯ ದುರಸ್ತಿಗೆ ನೆರವಾಗುತ್ತದೆ.

ಸ್ವಿಟ್ಜರ್ಲೆಂಡಿನ ಇನ್ನೊಂದು ಪದ್ಧತಿ ಕೇಳಲು ಸೊಗಸು. ಬೆಟ್ಟದ ಅಂಚೆ ರಸ್ತೆಗಳಲ್ಲಿ ಹಳದಿ ಬಣ್ಣದ ಅಂಚೆ ಬಸ್ಸಿಗೆ ಮೊದಲ ಹಕ್ಕು. ಇಕ್ಕಟ್ಟಿನ ಜಾಗದಲ್ಲಿ ಬಸ್ ಚಾಲಕ ಹಿಂದೆ ಹೋಗಿ ಎಂದು ಸೂಚಿಸಿದರೆ ಎದುರಿನ ಕಾರು ಹಿಂದೆ ಹೋಗಲೇಬೇಕು. ಕುರುಡು ತಿರುವಿನಲ್ಲಿ ಆ ಬಸ್ಸು ಮೂರು ಸ್ವರಗಳ ಕೊಂಬು ಊದುತ್ತದೆ. ಆ ಸ್ವರಗಳು ರೊಸ್ಸಿನಿಯ ‘ವಿಲಿಯಂ ಟೆಲ್’ ಸಂಗೀತದಿಂದ ಬಂದವು. ನಮ್ಮ ಘಟ್ಟಗಳಲ್ಲಿ ಸಾರಿಗೆ ಬಸ್ಸಿನ ಹಾರ್ನ್ ಕೇಳಿ ಕಾರುಗಳು ಪಕ್ಕಕ್ಕೆ ಸರಿಯುವುದು ರೂಢಿ. ಅಲ್ಲಿ ಅದು ಕಾನೂನು.

ಡಾಂಬರಲ್ಲ, ಚರಂಡಿ

ಆಲ್ಪ್ಸಿನ ದಾರಿಯನ್ನು ಮುಚ್ಚುವುದು ಹಿಮ, ನಮ್ಮದನ್ನು ಮುಚ್ಚುವುದು ಮಳೆ. ಹಾನಗಲ್ಲ ಸುತ್ತ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆಯಾದರೆ ಕುಮಟೆಯಲ್ಲಿ ಮೂರು ಸಾವಿರ ಮೀರುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸುರಿಯುತ್ತದೆ. ಹತ್ತಿಯ ಕಾಲದ ಪಂಚಾಂಗವೂ ಇದಕ್ಕೆ ಹೊಂದಿಕೊಂಡಿತ್ತು. ಶ್ರಾವಣದ ಸುಮಾರಿಗೆ ಬಿತ್ತಿದ ದೇಶಿ ಹತ್ತಿ ಶಿವರಾತ್ರಿಯ ಆಸುಪಾಸಿನಲ್ಲಿ ಬಿಡಿಸಲು ಬರುತ್ತಿತ್ತು. ಮುಂಗಾರು ಆರಂಭವಾದರೆ ಹಾಯಿ ಹಡಗುಗಳು ದಂಡೆ ಸೇರುತ್ತಿದ್ದವು, ಬಂದರು ಮುಚ್ಚುತ್ತಿತ್ತು. ಹತ್ತಿ ಬಿಡಿಸಿ, ಅರೆದು, ಅಂಡಿಗೆ ತುಂಬಿ, ಘಟ್ಟ ಇಳಿಸಿ, ಹಡಗು ಹತ್ತಿಸಲು ಇದ್ದದ್ದು ಎರಡು ಮೂರು ತಿಂಗಳು. ಗಾಡಿ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿ.ಮೀ. ಸಾಗುವ ಕಾಲದಲ್ಲಿ ಆಡೂರಿನ ಕಡೆಯಿಂದ ಕುಮಟೆಗೆ ಹೋಗುವುದಕ್ಕೇ ಐದಾರು ದಿನ ಬೇಕು, ಬರುವುದಕ್ಕೂ ಅಷ್ಟೇ. ಮಳೆಗೆ ಮುನ್ನ ಮುಟ್ಟದಿದ್ದರೆ ವರ್ಷದ ದುಡಿಮೆ ಗೋದಾಮಿನಲ್ಲಿ ಕೊಳೆಯಬೇಕು.

ಸ್ಕಾಟ್ಲೆಂಡಿನ ಜಾನ್ ಮೆಕಾಡಂ 1820ರ ಸುಮಾರಿಗೆ ಜನಪ್ರಿಯಗೊಳಿಸಿದ ಕಡಿ ರಸ್ತೆಯ ತತ್ವ ಸರಳವಾದದ್ದು. ಸಣ್ಣದಾಗಿ ಒಡೆದ ಕಲ್ಲನ್ನು ಪದರಪದರವಾಗಿ ಹಾಸಿ, ನಡುವೆ ಸ್ವಲ್ಪ ಉಬ್ಬಿಸಿ, ನೀರು ಎರಡೂ ಬದಿಗೆ ಹರಿಯುವಂತೆ ಮಾಡಬೇಕು. ಕೆಳಗಿನ ನೆಲ ಒಣಗಿದ್ದರೆ ಅದು ಯಾವ ಭಾರವನ್ನೂ ಹೊರುತ್ತದೆ, ನೆನೆದರೆ ಯಾವ ರಸ್ತೆಯೂ ನಿಲ್ಲದು. ಆಗ ಡಾಂಬರಿರಲಿಲ್ಲ. ಆದ್ದರಿಂದ ರಸ್ತೆ ಮಾಡುವವನ ಅರ್ಧ ಬುದ್ಧಿ ನೀರಿನ ಕಡೆಗೇ ಇರುತ್ತಿತ್ತು. ಗುಡ್ಡದ ಬದಿಗೆ ಚರಂಡಿ, ಝರಿ ಬರುವಲ್ಲೆಲ್ಲ ಕಲ್ಲಿನ ಮೋರಿ, ಕಣಿವೆಯ ಕಡೆಗೆ ಒಡ್ಡುಗೋಡೆ. ಮಳೆಗಾಲಕ್ಕೆ ಮುನ್ನ ಚರಂಡಿ ತೆಗೆಯುವುದು, ಮಳೆ ನಿಂತ ಮೇಲೆ ಗರಸು ಹಾಕುವುದು ವರ್ಷದ ಕ್ರಮ.

ಇಲ್ಲಿಯ ಗುಡ್ಡಗಳ ಗುಣವನ್ನೂ ಹೇಳಬೇಕು. ಕರಾವಳಿಯ ಅಂಚಿನಲ್ಲಿ ಮೇಲೆ ಗಟ್ಟಿಯಾದ ಜಂಬಿಟ್ಟಿಗೆ ಕಲ್ಲು ಇರುತ್ತದೆ. ಅದರ ಅಡಿಗೆ ಹಲವೆಡೆ ಬಿಳಿಯ, ನುಣುಪಾದ ಶೇಡಿ ಮಣ್ಣು. ಶೇಡಿ ಮಣ್ಣು ಒಣಗಿದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಮೇಲಿಂದ ಇಳಿದ ಮಳೆ ನೀರಿಗೆ ಹೊರದಾರಿ ಸಿಗದಿದ್ದರೆ ಒಳಗೇ ಒತ್ತಡ ಹೆಚ್ಚುತ್ತದೆ. ಆಮೇಲೆ ಒಂದು ದಿನ ಗುಡ್ಡ ಜಾರುತ್ತದೆ.

2021ರ ಜುಲೈನಲ್ಲಿ ಅರಬೈಲು ಘಟ್ಟದ ರಸ್ತೆ ಕುಸಿದು ಸಂಚಾರ ನಿಂತಿತು. ಯಲ್ಲಾಪುರ ತಾಲೂಕಿನ ಕಳಚೆ ಊರು ಭೂಕುಸಿತಕ್ಕೆ ನಲುಗಿತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಯವರೆಗೆ ಜಾರಿತು. ರಸ್ತೆ ಬದಿಯಲ್ಲಿದ್ದವರು, ಲಾರಿಯಲ್ಲಿದ್ದವರು, ನದಿಯ ಆಚೆ ದಂಡೆಯ ಮನೆಯವರು ಸೇರಿ ಹಲವರು ಜೀವ ತೆತ್ತರು. ಅಗಲವಾದ ಡಾಂಬರು ರಸ್ತೆ ಇದ್ದ ಜಾಗವದು. ರಸ್ತೆ ನಯವಾಗಿದ್ದ ಮಾತ್ರಕ್ಕೆ ಗುಡ್ಡ ಗಟ್ಟಿಯಾಗಿರುವುದಿಲ್ಲ.

ಬಂದರು ಹೋಯಿತು, ಹೆಸರು ಉಳಿಯಿತು

ಕುಮಟೆಯ ಹತ್ತಿ ವೈಭವ ಬಹುಕಾಲ ಉಳಿಯಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂತು. ಕ್ಯಾಸಲ್‌ರಾಕ್ ಮೂಲಕ ಘಟ್ಟ ಇಳಿಯುವ ರೈಲು ಮಾರ್ಗ ಗೋವೆಯ ಮಾರ್ಮಗೋವಾ ಬಂದರನ್ನು ಮುಟ್ಟಿತು. ಐದಾರು ದಿನದ ಗಾಡಿ ದಾರಿಗೆ ಬದಲು ಒಂದು ದಿನದ ರೈಲು. ಹತ್ತಿ ರೈಲು ಹತ್ತಿತು, ಕುಮಟೆಯ ಬಂದರು ಸೊರಗಿತು. ಆದರೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರು ಉಳಿಯಿತು. ಹತ್ತಿ ಕುಮಟೆಗೆ ಹೋಗುವುದು ನಿಂತ ಮೇಲೂ ವ್ಯಾಪಾರಿಗಳು ಆ ತಳಿಯನ್ನು ಆ ಹೆಸರಿನಿಂದಲೇ ಕರೆದರು. ಧಾರವಾಡದಲ್ಲಿ ಅಭಿವೃದ್ಧಿಪಡಿಸಿದ, ಹಿರಿಯ ರೈತರಿಗೆ ಗೊತ್ತಿರುವ ಜಯಧರ ಹತ್ತಿ ಅದೇ ಜಾತಿಗೆ ಸೇರಿದ್ದು. ಇಂದು ಹೊಲಗಳಲ್ಲಿ ಬಿಟಿ ಹತ್ತಿ, ಗೋವಿನಜೋಳ ತುಂಬಿವೆ.

ಘಟ್ಟದ ದಾರಿ ಮಾತ್ರ ನಿಲ್ಲಲಿಲ್ಲ. ಎತ್ತಿನ ಗಾಡಿಗೆ ಇಪ್ಪತ್ತಕ್ಕೆ ಒಂದರ ಲೆಕ್ಕದಲ್ಲಿ ಎಳೆದ ಗೆರೆಗಳ ಮೇಲೇ ಬಸ್ಸು, ಲಾರಿ ಓಡಿದವು. ಹಾವೇರಿ–ಶಿರಸಿ–ಕುಮಟಾ ರಸ್ತೆ ರಾಷ್ಟ್ರೀಯ ಹೆದ್ದಾರಿಯಾಗಿದೆ. ಅಗಲೀಕರಣದ ಕೆಲಸಕ್ಕಾಗಿ ದೇವಿಮನೆ ಘಟ್ಟದಲ್ಲಿ ಸಂಚಾರ ನಿರ್ಬಂಧಿಸಿದ್ದೂ, ಮಳೆಗಾಲದಲ್ಲಿ ಅಲ್ಲಿ ಮಣ್ಣು ಜರಿದದ್ದೂ ಇತ್ತೀಚಿನ ಸುದ್ದಿಗಳು. 1990ರ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಅರಣ್ಯ ನಾಶದ ಪ್ರಶ್ನೆಯಲ್ಲಿ ಸಿಕ್ಕಿ ಇನ್ನೂ ಬಂದಿಲ್ಲ. ಹೀಗಾಗಿ ಬಯಲುಸೀಮೆಯ ಈ ಭಾಗದವರಿಗೆ ಸಮುದ್ರದ ದಾರಿ ಎಂದರೆ ಇಂದಿಗೂ ಘಟ್ಟದ ರಸ್ತೆಯೇ. ಮೀನಿನ ಲಾರಿ ಮೇಲೆ ಬರುತ್ತದೆ, ಕಾಯಿಪಲ್ಲೆ ಕೆಳಗೆ ಹೋಗುತ್ತದೆ. ಮಂಗಳೂರು, ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುವವರಿಗೂ ಯಾವುದಾದರೊಂದು ಘಟ್ಟ ಇಳಿಯದೆ ಗತ್ಯಂತರವಿಲ್ಲ. ಒಂದು ಮಳೆಗಾಲ ಘಟ್ಟ ಮುಚ್ಚಿದರೆ ಅದರ ಬಿಸಿ ಹಾನಗಲ್ಲ, ಆಡೂರಿನವರೆಗೂ ತಟ್ಟುತ್ತದೆ.

ರಸ್ತೆ ಅಗಲವಾಗಬಾರದು ಎಂದು ಯಾರೂ ಹೇಳಲಾರರು. ಹಳೆಯ ಗಾಡಿ ದಾರಿಗೆ ಇಂದಿನ ಹದಿನಾರು ಗಾಲಿಯ ಲಾರಿಯ ಭಾರ ಹೊರುವ ಶಕ್ತಿಯಿಲ್ಲ. ಆದರೆ ಅಗಲಿಸುವಾಗ ಎರಡು ವಿಷಯ ನೆನಪಿಡಬೇಕು. ಮೊದಲನೆಯದು ನೀರು. ಹಳೆಯ ಮೋರಿ ಇದ್ದಲ್ಲೆಲ್ಲ ಒಂದು ಝರಿ ಇದೆ ಎಂದು ಅರ್ಥ. ಬೇಸಿಗೆಯಲ್ಲಿ ಒಣಗಿ ಕಾಣುವ ಆ ಜಾಗವನ್ನು ಮುಚ್ಚಿದರೆ ಆಷಾಢದಲ್ಲಿ ನೀರು ತನ್ನ ದಾರಿ ತಾನೇ ಮಾಡಿಕೊಳ್ಳುತ್ತದೆ. ಎರಡನೆಯದು ಹಳೆಯ ದಾರಿಯ ಉಳಿವು. ಹೊಸ ರಸ್ತೆ ಪಕ್ಕಕ್ಕೆ ಸರಿದಲ್ಲಿ ಹಳೆಯ ತಿರುವಿನ ತುಂಡುಗಳು, ಕಲ್ಲಿನ ಮೋರಿ, ಮೈಲಿಗಲ್ಲುಗಳು ಕಾಡಿನಲ್ಲಿ ಉಳಿಯುತ್ತವೆ. ಇಟಲಿಯವರು ತಮ್ಮ ಉಪ್ಪಿನ ದಾರಿಗೆ ಫಲಕ ಹಾಕಿ, ಮಿತಿ ಹೇರಿ, ಶುಲ್ಕ ವಸೂಲು ಮಾಡಿ ಉಳಿಸಿಕೊಂಡಿದ್ದಾರೆ. ನಮ್ಮ ಹತ್ತಿಯ ದಾರಿಗೆ ಒಂದು ಫಲಕವಾದರೂ ಇರಬಾರದೆ?

ಮುಂದಿನ ಸಲ ದೇವಿಮನೆ ಇಳಿಯುವಾಗ ಗಾಡಿಯನ್ನು ಕೆಳಗಿನ ಗೇರಿಗೆ ಹಾಕಿ, ಗುಡ್ಡದ ಬದಿಯ ಚರಂಡಿಯ ಕಡೆಗೊಮ್ಮೆ ನೋಡಿ. ಅದು ತೆರೆದಿದ್ದು, ನೀರು ಸಲೀಸಾಗಿ ಹರಿಯುತ್ತಿದ್ದರೆ ರಸ್ತೆಯನ್ನು ನೋಡಿಕೊಳ್ಳುವವರಿದ್ದಾರೆ ಎಂದು ನಂಬಬಹುದು. ಮಣ್ಣು ತುಂಬಿ ಮುಚ್ಚಿದ್ದರೆ ಸಂಬಂಧಪಟ್ಟವರಿಗೆ ಒಂದು ಅರ್ಜಿ ಬರೆಯುವುದು ಒಳ್ಳೆಯದು, ಮಳೆಗಾಲಕ್ಕೆ ಮುನ್ನ.